ಕ್ಯಾಶ್‌ಲೆಸ್ ಯಂತ್ರ: ಬಳಕೆದಾರರ ಕೈಪಿಡಿ (ಆರ್.ಟಿ. ನಗರ ಮಾದರಿ)

ಅಭಿನಂದನೆಗಳು. ವರ್ಷವರ್ಷವೂ ಕಂತು ಕಟ್ಟಿ ತಾವು ಮನೆಗೆ ತಂದಿರುವ ಆರೋಗ್ಯ ವಿಮೆಗೆ ಕ್ಯಾಶ್‌ಲೆಸ್ ಎಂಬ ಗುಂಡಿಯೊಂದಿದೆ. ಒತ್ತಿದರೆ ಆಸ್ಪತ್ರೆಯ ಬಿಲ್ಲನ್ನು ಕಂಪನಿಯೇ ಕಟ್ಟುತ್ತದೆ. ಕೆಲವೊಮ್ಮೆ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ಸರ್, ನಿಮ್ ಕಂಪನಿ ಜೊತೆ ನಮ್ ಟೈಅಪ್ ಹೋದ್ ತಿಂಗ್ಳೇ ಮುಗೀತು" ಎನ್ನುತ್ತಾಳೆ. ಈ ಕೈಪಿಡಿ ಇರುವುದು ಆ ಗಳಿಗೆಗೆ. ಆದರೆ ಆ ಗಳಿಗೆಯಲ್ಲಿ ಇದನ್ನು ಓದಲು ಯಾರಿಗೂ ಪುರುಸೊತ್ತಿರುವುದಿಲ್ಲ. ಆದ್ದರಿಂದ ಮೈ ಚೆನ್ನಾಗಿರುವಾಗಲೇ ಓದತಕ್ಕದ್ದು.

1. ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ಪ್ಲಾಸ್ಟಿಕ್ ಕಾರ್ಡು. ಯಾರೂ ಓದದ ಒಂದು ಪಾಲಿಸಿ ಪುಸ್ತಕ. ಈಗ ಬೇರೆ ವ್ಯಾಪಾರಕ್ಕಿಳಿದಿರುವ ಏಜೆಂಟರ ಫೋನ್ ನಂಬರ್. ಪಾಲಿಸಿ ಕೊಂಡ ದಿನ ಸರಿಯಾಗಿದ್ದ ಆಸ್ಪತ್ರೆಗಳ ಪಟ್ಟಿ.

ಮೊದಲು ಕಾರ್ಡಿನ ಮೇಲಿನ ಹೆಸರು ಓದಿ. ಅಪೋಲೊ ಮ್ಯೂನಿಕ್ ಎಂದಿದ್ದರೆ ಆ ಕಂಪನಿ 2020ರಲ್ಲೇ ಎಚ್‌ಡಿಎಫ್‌ಸಿ ಎರ್ಗೊ ಜೊತೆ ಸೇರಿಹೋಯಿತು. ರೆಲಿಗೇರ್ ಎಂದಿದ್ದರೆ ಅದೇ ವರ್ಷ ಕೇರ್ ಆಯಿತು. ಮ್ಯಾಕ್ಸ್ ಬೂಪಾ 2021ರಲ್ಲಿ ನಿವಾ ಬೂಪಾ ಆಯಿತು. ಆಸ್ಪತ್ರೆಯ ಬೋರ್ಡುಗಳೂ ಹಾಗೆಯೇ. ಬೆಂಗಳೂರಿನ ಹೆಬ್ಬಾಳದ ಕೊಲಂಬಿಯಾ ಏಷ್ಯಾ 2021ರಿಂದ ಮಣಿಪಾಲ. ಹೆಸರು ಬದಲಾದ ಮಾತ್ರಕ್ಕೆ ಪಾಲಿಸಿ ಸಾಯುವುದಿಲ್ಲ. ಆದರೆ ಹಳೇ ಹೆಸರು ಹಿಡಿದು ಹೊಸ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದೂ ಇಲ್ಲ.

2. ಯಂತ್ರ ಕೆಲಸ ಮಾಡುವ ಬಗೆ

ಇದರೊಳಗೆ ಎರಡು ಒಪ್ಪಂದಗಳಿವೆ. ಒಂದು ತಮಗೂ ಕಂಪನಿಗೂ ಆದದ್ದು, ಅದೇ ಪಾಲಿಸಿ. ಇನ್ನೊಂದು ಕಂಪನಿಗೂ ಆಸ್ಪತ್ರೆಗೂ ಆದದ್ದು. ಹರ್ನಿಯಾಗೆ ಇಷ್ಟು, ಮಂಡಿಗೆ ಇಷ್ಟು, ಹೆರಿಗೆಗೆ ಇಷ್ಟು ಎಂಬ ದರದ ಕರಾರು. ಎರಡನೆಯದಕ್ಕೆ ತಾವು ಸಹಿ ಹಾಕಿಲ್ಲ, ಅದನ್ನು ತಮಗೆ ಯಾರೂ ತೋರಿಸಿಯೂ ಇಲ್ಲ. ಅದು ಮುರಿದರೆ ಏಟು ಬೀಳುವುದು ಮಾತ್ರ ತಮಗೆ.

ಮುರಿಯುವುದು ದರದ ಜಗಳಕ್ಕೆ. ಔಷಧ, ಸಂಬಳ, ಯಂತ್ರೋಪಕರಣ ಎಲ್ಲ ಏರಿದೆ, ಹಳೇ ದರಕ್ಕೆ ಆಗದು ಎನ್ನುತ್ತವೆ ಆಸ್ಪತ್ರೆಗಳು. ನೀವು ಕೇಳಿದಷ್ಟು ಕೊಟ್ಟರೆ ಎಲ್ಲರ ಕಂತು ಏರಿಸಬೇಕಾಗುತ್ತದೆ ಎನ್ನುತ್ತವೆ ಕಂಪನಿಗಳು. 2010ರ ಜುಲೈನಲ್ಲಿ ನಾಲ್ಕು ಸರ್ಕಾರಿ ವಿಮಾ ಕಂಪನಿಗಳು ಬೆಂಗಳೂರು, ದೆಹಲಿ, ಮುಂಬೈ, ಚೆನ್ನೈಗಳ ಹಲವು ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾಶ್‌ಲೆಸ್ ನಿಲ್ಲಿಸಿಬಿಟ್ಟವು. ಒಪ್ಪಿದ ದರಕ್ಕೆ ಬಂದವರದೇ ಬೇರೆ ಪಟ್ಟಿ ಮಾಡಿ ಪಿಪಿಎನ್ ಎಂದು ಹೆಸರಿಟ್ಟವು. 2025ರ ಆಗಸ್ಟ್‌ನಲ್ಲಿ ಏಟು ಆಚೆ ಕಡೆಯಿಂದ ಬಂತು. ಆಸ್ಪತ್ರೆಗಳ ಒಕ್ಕೂಟವಾದ ಎಎಚ್‌ಪಿಐ, ಸೆಪ್ಟೆಂಬರ್ 1ರಿಂದ ಬಜಾಜ್ ಅಲಿಯಾನ್ಸ್ ಪಾಲಿಸಿದಾರರಿಗೆ ಕ್ಯಾಶ್‌ಲೆಸ್ ಬೇಡ ಎಂದು ಉತ್ತರ ಭಾರತದ ತನ್ನ ಸದಸ್ಯರಿಗೆ ಸೂಚಿಸಿತು. ಗಡುವಿಗೆ ಮುಂಚೆ ಮಾತುಕತೆಯಾಗಿ ಸೂಚನೆ ಹಿಂದಕ್ಕೆ ಹೋಯಿತು. ನಡುವಿನ ದಿನಗಳಲ್ಲಿ ಆಪರೇಷನ್‌ಗೆ ದಿನ ಗೊತ್ತುಮಾಡಿಕೊಂಡಿದ್ದವರ ರಕ್ತದೊತ್ತಡಕ್ಕೆ ಯಾವ ಪಾಲಿಸಿಯಲ್ಲೂ ಪರಿಹಾರವಿಲ್ಲ.

ನೆನಪಿಡಬೇಕಾದದ್ದು ಇಷ್ಟೇ: ಪಟ್ಟಿ ಬದಲಾದರೂ ಪಾಲಿಸಿ ಬದಲಾಗಿಲ್ಲ. ಹೋದದ್ದು ಗುಂಡಿ, ಹಣದ ಹಕ್ಕಲ್ಲ. ಈ ಕೈಪಿಡಿಯ ಉಳಿದ ಪುಟಗಳೆಲ್ಲ ಈ ಮಾತಿನ ಟಿಪ್ಪಣಿ.

3. ದೋಷ ಪತ್ತೆ

ಆಸ್ಪತ್ರೆ ಮೂರರಲ್ಲಿ ಎಲ್ಲಿದೆ ಎಂದು ಗುರುತಿಸಿ.

ಅ) ನೆಟ್‌ವರ್ಕ್ ಪಟ್ಟಿಯಲ್ಲಿದೆ. ಸಂತೋಷ. ಆದರೆ ಶಾಖೆಯ ಹೆಸರನ್ನೂ ಓದಿ. ಒಂದೇ ಬೋರ್ಡಿನ ಯಶವಂತಪುರದ ಶಾಖೆ ಒಳಗಿದ್ದು, ಹೆಬ್ಬಾಳದ್ದು ಹೊರಗಿರಬಹುದು.

ಆ) ಪಟ್ಟಿಯಲ್ಲಿಲ್ಲ. ಗಾಬರಿ ಬೇಡ. ತಾವು ಕಟ್ಟಿ ಆಮೇಲೆ ವಾಪಸು ಪಡೆಯಬಹುದು. ಕೆಲವು ಪಾಲಿಸಿಗಳು ಹೀಗಾದಾಗ ಬಿಲ್ಲಿನ ಒಂದು ಪಾಲನ್ನು ಪಾಲಿಸಿದಾರರ ತಲೆಗೇ ಕಟ್ಟುತ್ತವೆ. ಅದನ್ನು ಮೊದಲೇ ನೋಡಿಟ್ಟುಕೊಳ್ಳಿ.

ಇ) ಕಂಪನಿ ಹೊರಗಿಟ್ಟ ಆಸ್ಪತ್ರೆಗಳ ಪಟ್ಟಿಯಲ್ಲಿದೆ. ಇಲ್ಲಿ ಗಾಬರಿಗೆ ಅನುಮತಿಯಿದೆ. ಪಾಲಿಸಿಯ ಹೊರಗಿಡುವಿಕೆಗಳಲ್ಲಿ ಹನ್ನೊಂದನೆಯ ಸಂಕೇತದಡಿ ಇದು ಬರುತ್ತದೆ: ಕಂಪನಿ ವೆಬ್‌ಸೈಟಿನಲ್ಲಿ ಹೆಸರಿಸಿ ಹೊರಗಿಟ್ಟ ಆಸ್ಪತ್ರೆಯ ಖರ್ಚು ಸಿಗುವುದಿಲ್ಲ. ಜೀವಕ್ಕೆ ಅಪಾಯವಿದ್ದಾಗ, ಅಪಘಾತವಾದಾಗ ಮಾತ್ರ ರೋಗಿ ಸ್ಥಿರಗೊಳ್ಳುವವರೆಗಿನ ಖರ್ಚು ಕೊಡುತ್ತಾರೆ.

"ನಮ್ ಪಟ್ಟಿಲಿಲ್ಲ" ಎಂದು ಫೋನಿನಲ್ಲಿ ಯಾರಾದರೂ ಅಂದರೆ, ಆ ಎರಡನೆಯದೋ ಈ ಮೂರನೆಯದೋ ಎಂದು ಕೇಳದೆ ಫೋನ್ ಇಡಬೇಡಿ.

4. ತುರ್ತು ಚಾಲನೆ

ಎಚ್ಚರಿಕೆ: ರೋಗಿ ಎಂದೂ ಚಾಲಕನಾಗಿರಬಾರದು. ಎದೆ ಹಿಡಿದುಕೊಂಡವರ ಕೈಗೆ ಪಾಲಿಸಿ ನಂಬರ್ ಹುಡುಕಲು ಮೊಬೈಲ್ ಕೊಡಬೇಡಿ. ಮನೆಯ ಗಟ್ಟಿಗರೊಬ್ಬರನ್ನು ಈಗಲೇ ಚಾಲಕರಾಗಿ ನೇಮಿಸಿ. ಮಕ್ಕಳು ಅಮೆರಿಕದಲ್ಲಿದ್ದರೆ ಬೀದಿಯ ನಿವೃತ್ತ ಬ್ಯಾಂಕ್ ಅಧಿಕಾರಿಯನ್ನು ಕೇಳಿಕೊಳ್ಳಿ, ಆರ್.ಟಿ. ನಗರದಲ್ಲಿ ಅಂಥವರಿಲ್ಲದ ಬೀದಿ ಕಡಿಮೆ. ಫಾರ್ಮ್ ತುಂಬುವ ಅವಕಾಶ ಸಿಕ್ಕರೆ ಅವರು ಬೇಡ ಎನ್ನುವುದಿಲ್ಲ.

ತುರ್ತಿನಲ್ಲಿ ಆಸ್ಪತ್ರೆ ಆರಿಸಬೇಕಾದದ್ದು ಕಾಯಿಲೆ ನೋಡಿ, ಮೇಖ್ರಿ ಸರ್ಕಲ್ಲಿನ ಟ್ರಾಫಿಕ್ ನೋಡಿ. ಪಟ್ಟಿ ನೋಡಿ ಅಲ್ಲ. ಸುಲ್ತಾನ್‌ಪಾಳ್ಯದಲ್ಲಿ ಬಿದ್ದವರನ್ನು ಪಟ್ಟಿಯ ಆಸ್ಪತ್ರೆಗೆಂದು ಊರ ಆ ತುದಿಗೆ ಸಾಗಿಸುವುದು ಯಂತ್ರದ ದುರ್ಬಳಕೆ. ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕೆ ಪಟ್ಟು ಹಿಡಿಯುವಂತಿಲ್ಲ ಎಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ, ಅಂದರೆ ಕೆಪಿಎಂಇ ಕಾಯ್ದೆಗೆ, 2017ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಕೌಂಟರಿನಲ್ಲಿ ಆ ನಾಲ್ಕಕ್ಷರವನ್ನು ಮೆಲ್ಲಗೆ ಉಚ್ಚರಿಸಿ ನೋಡಿ. ಕೂಗಾಡುವುದಕ್ಕಿಂತ ಬೇಗ ಕೆಲಸ ಮಾಡುತ್ತದೆ.

ಸೇರಿಸಿದ ಮೇಲೆ ಚಾಲಕರು, ಪಾಲಿಸಿಗಳು ಸಾಮಾನ್ಯವಾಗಿ ಕೇಳುವಂತೆ, 24 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಫೋನ್ ಮಾಡಿ, ಜೊತೆಗೆ ಮೇಲ್ ಹಾಕಿ. ಫೋನಿನ ಮಾತು ಗಾಳಿಗೆ ಹೋಗುತ್ತದೆ, ಮೇಲ್ ಉಳಿಯುತ್ತದೆ.

5. ಪಟ್ಟಿಯ ಹೊರಗೂ ಗುಂಡಿ ಒತ್ತುವುದು

ಹೆಚ್ಚಿನ ಬಳಕೆದಾರರಿಗೆ ಗೊತ್ತಿಲ್ಲದ ಭಾಗವಿದು. ಎಲ್ಲೆಡೆ ಕ್ಯಾಶ್‌ಲೆಸ್ ಎಂಬ ಏರ್ಪಾಡನ್ನು ವಿಮಾ ಕಂಪನಿಗಳ ಒಕ್ಕೂಟವಾದ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ 2024ರ ಜನವರಿ 25ರಂದು ಶುರುಮಾಡಿತು. ನೋಂದಾಯಿತವಾದ, 15 ಹಾಸಿಗೆಯಾದರೂ ಇರುವ ಆಸ್ಪತ್ರೆ ಪಟ್ಟಿಯಲ್ಲಿಲ್ಲದಿದ್ದರೂ ಕ್ಯಾಶ್‌ಲೆಸ್ ಕೇಳಬಹುದು. ಮೊದಲೇ ಗೊತ್ತಿರುವ ಚಿಕಿತ್ಸೆಯಾದರೆ ದಾಖಲಾಗುವುದಕ್ಕೆ 48 ಗಂಟೆ ಮುಂಚೆ, ತುರ್ತಾದರೆ ದಾಖಲಾದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಆಸ್ಪತ್ರೆಯೂ ಒಪ್ಪಬೇಕು, ಕ್ಲೇಮೂ ಪಾಲಿಸಿಯೊಳಗೆ ಕೂರಬೇಕು. ಆದ್ದರಿಂದ ಇದು ಕೇಳಿಕೊಳ್ಳುವ ದಾರಿ, ಪಟ್ಟು ಹಿಡಿಯುವ ದಾರಿಯಲ್ಲ. ಆದರೆ ಕೇಳದವರಿಗೆ ಖಂಡಿತ ಸಿಗುವುದಿಲ್ಲ.

6. ಕೌಂಟರಿನ ಸದ್ದುಗಳು, ಅವುಗಳ ಅರ್ಥ

"ಅಪ್ರೂವಲ್ ಬರ್ತಾ ಇದೆ ಮೇಡಂ": ಕಳಿಸಿದ್ದಾರೋ ಇಲ್ಲವೋ ಕೇಳಿ, ಕಳಿಸಿದ ಹೊತ್ತನ್ನು ಬರೆದುಕೊಳ್ಳಿ. ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಸುತ್ತೋಲೆಯಂತೆ ಕೋರಿಕೆ ತಲುಪಿದ 1 ಗಂಟೆಯೊಳಗೆ ಕಂಪನಿ ತೀರ್ಮಾನ ಹೇಳಬೇಕು.

"ಕ್ವೆರಿ ಬಂದಿದೆ ಸರ್": ಕಂಪನಿ ಏನೋ ಕೇಳಿದೆ. ಏನು ಎಂದು ಅದರ ನಕಲು ಕೇಳಿ. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಎಂಬುದೇ ಸಾಮಾನ್ಯವಾಗಿ ಆ ಪ್ರಶ್ನೆ. ಅಜ್ಜಿ ಲೆಕ್ಕದಲ್ಲಿ "ಸುಮಾರು ವರ್ಷದಿಂದ" ಅಂದಿದ್ದು ಕೇಸ್‌ಶೀಟಿನಲ್ಲಿ ಇಪ್ಪತ್ತು ವರ್ಷವಾಗಿ ಕೂತಿರಬಹುದು.

"ಡಿಸ್ಚಾರ್ಜ್ ಆಗಿದೆ, ಆದ್ರೆ ಫೈನಲ್ ಬಂದಿಲ್ಲ": ಆಸ್ಪತ್ರೆ ಬಿಲ್ ಕಳಿಸಿದ 3 ಗಂಟೆಯೊಳಗೆ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ಅದು ಮೀರಿ ಆಸ್ಪತ್ರೆ ಹೆಚ್ಚುವರಿ ಹಣ ಹಾಕಿದರೆ ಅದನ್ನು ಕಂಪನಿ ತನ್ನ ಷೇರುದಾರರ ನಿಧಿಯಿಂದ ಭರಿಸಬೇಕು.

"ರೂಮ್ ಸ್ವಲ್ಪ ದೊಡ್ಡದು ತಗೊಳ್ಳಿ, ಕ್ಯಾಶ್‌ಲೆಸ್ ತಾನೇ": ಅಪಾಯದ ಸದ್ದು. ಪಾಲಿಸಿಯಲ್ಲಿ ಕೋಣೆ ಬಾಡಿಗೆಗೆ ಮಿತಿಯಿದ್ದರೆ, ಮಿತಿ ಮೀರಿದ ಕೋಣೆಗೆ ಬಾಡಿಗೆಯಷ್ಟೇ ಅಲ್ಲ, ಡಾಕ್ಟರ ಫೀಸು, ಆಪರೇಷನ್ ಥಿಯೇಟರಿನ ಖರ್ಚುಗಳೂ ಅದೇ ಅನುಪಾತದಲ್ಲಿ ಕಡಿತವಾಗಬಹುದು. ಕಿಟಕಿಯಿಂದ ಹೆಬ್ಬಾಳ ಕೆರೆ ಕಂಡರೆ ಬೇಗ ಗುಣವಾಗುತ್ತದೆ ಎಂಬುದಕ್ಕೆ ಪಾಲಿಸಿಯಲ್ಲಿ ಕಲಂ ಇಲ್ಲ.

"ರಿಜೆಕ್ಟ್ ಆಯ್ತು": ಕ್ಯಾಶ್‌ಲೆಸ್ ರಿಜೆಕ್ಟ್ ಆಯಿತೋ, ಕ್ಲೇಮೇ ರಿಜೆಕ್ಟ್ ಆಯಿತೋ? ಮೊದಲನೆಯದಾದರೆ 7ನೇ ವಿಭಾಗಕ್ಕೆ ಹೋಗಿ, ಎರಡನೆಯದಾದರೆ 9ಕ್ಕೆ. ಪೂರಾ ಕ್ಲೇಮನ್ನು ತಳ್ಳಿಹಾಕುವ ಮುನ್ನ ಕಂಪನಿಯೊಳಗಿನ ಸಮಿತಿ ಅದನ್ನು ನೋಡಿರಬೇಕು. ಕಾರಣ ಪಾಲಿಸಿಯ ಯಾವ ಷರತ್ತಿನಡಿ ಎಂದು ಬರೆದು ಕೊಡಬೇಕು.

7. ಕೈಯಿಂದ ಚಾಲನೆ

ಗುಂಡಿ ಕೆಟ್ಟಾಗ ಯಂತ್ರವನ್ನು ಕೈಯಲ್ಲೇ ತಿರುಗಿಸಬೇಕು. ಇದಕ್ಕೆ ರೀಇಂಬರ್ಸ್‌ಮೆಂಟ್ ಎನ್ನುತ್ತಾರೆ. ತಾವು ಹಣ ಕಟ್ಟಬೇಕು, ಕಾಗದ ಕೂಡಿಸಬೇಕು, ಕಾಯಬೇಕು.

ಬೇಕಾಗುವ ಕಾಗದ: ಡಿಸ್ಚಾರ್ಜ್ ಸಮ್ಮರಿ, ವಿವರವಾದ ಅಂತಿಮ ಬಿಲ್, ಹಣ ಕಟ್ಟಿದ ರಸೀದಿಗಳು, ಎಲ್ಲ ಲ್ಯಾಬ್ ವರದಿ, ಡಾಕ್ಟರ ಚೀಟಿ ಸಮೇತ ಮೆಡಿಕಲ್ ಶಾಪಿನ ಬಿಲ್ಲುಗಳು, ಲೆನ್ಸ್ ಅಥವಾ ಸ್ಟೆಂಟ್ ಹಾಕಿದ್ದರೆ ಅದರ ಸ್ಟಿಕ್ಕರ್, ಗುರುತಿನ ಚೀಟಿ, ಕ್ಯಾನ್ಸಲ್ ಮಾಡಿದ ಚೆಕ್ಕು. ಮೂಲ ಪ್ರತಿ ಕೊಡುವ ಮುನ್ನ ಮೇನ್ ರೋಡಿನ ಝೆರಾಕ್ಸ್ ಅಂಗಡಿಯಲ್ಲಿ ಒಂದು ಸೆಟ್ ಮಾಡಿಸಿ. ಅಂಗಡಿಯವರು "ಎರಡ್ ಸೆಟ್ ಮಾಡ್ಸಿ ಸರ್, ಮತ್ತೆ ಕೇಳ್ತಾರೆ" ಎನ್ನಬಹುದು. ಅವರ ಮಾತು ಕೇಳಿ. ಈ ವಿಷಯದಲ್ಲಿ ಅವರ ಅನುಭವ ದೊಡ್ಡದು.

ಗಡುವು ಪಾಲಿಸಿಯಲ್ಲಿರುತ್ತದೆ. ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಡಿಸ್ಚಾರ್ಜ್ ಆದ 30 ದಿನದೊಳಗೆ ಕಾಗದ ತಲುಪಬೇಕು. ಸೇರುವ ಮುಂಚಿನ 30 ದಿನ, ಬಿಟ್ಟ ಮೇಲಿನ 60 ದಿನಗಳ ಔಷಧ ಮತ್ತು ಪರೀಕ್ಷೆಯ ಖರ್ಚೂ ಸಿಗುತ್ತದೆ. ಮನೆಗೆ ಬಂದ ಖುಷಿಯಲ್ಲಿ ಜನ ಈ ಎರಡನ್ನೂ ಕೇಳುವುದೇ ಇಲ್ಲ. ಕಂಪನಿ ಹಣ ಕೊಡುವುದನ್ನು ತಡಮಾಡಿದರೆ ಬ್ಯಾಂಕ್ ದರದ ಮೇಲೆ ಶೇ 2 ಸೇರಿಸಿ ಬಡ್ಡಿ ಕೊಡಬೇಕು. ಕೈಗವಸು, ಡೈಪರಿನಂಥವನ್ನು ಕಳೆದು ಕೊಡುತ್ತಾರೆ. ಅದರ ಮೇಲೆ ರಕ್ತದೊತ್ತಡ ಖರ್ಚು ಮಾಡಬೇಡಿ.

ಈ ವಿಭಾಗದ ನಿಜವಾದ ತೊಡಕು ಕಾಗದವಲ್ಲ, ಮೊದಲು ಕಟ್ಟುವ ಹಣ. ಲಕ್ಷಗಟ್ಟಲೆ ಕೈಯಲ್ಲಿದ್ದವರಿಗೆ ಪಟ್ಟಿ ಬದಲಾವಣೆ ಒಂದು ಕಿರಿಕಿರಿ. ಇಲ್ಲದವರಿಗೆ ಅದು ಸಾಲ, ಇಲ್ಲವೇ ಅಡವಿಟ್ಟ ಬಳೆ. ಕ್ಯಾಶ್‌ಲೆಸ್ ಇದ್ದದ್ದೇ ಅವರಿಗಾಗಿ. ಎರಡು ಕಡೆಯವರೂ ಚೌಕಾಸಿಯಲ್ಲಿ ಮೊದಲು ಎತ್ತಿಕೊಳ್ಳುವುದು ಅದನ್ನೇ.

8. ಯಂತ್ರ ಬದಲಾವಣೆ

ತಮ್ಮ ಡಾಕ್ಟರಿರುವ ಆಸ್ಪತ್ರೆಗಳೆಲ್ಲ ಪಟ್ಟಿಯಿಂದ ಹೋದರೆ ಕಂಪನಿಯನ್ನೇ ಬದಲಿಸಬಹುದು. ಇದಕ್ಕೆ ಪೋರ್ಟಬಿಲಿಟಿ ಎನ್ನುತ್ತಾರೆ. ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗಲೆಂದು ಕಾದ ವರ್ಷಗಳು ಹಳೆಯ ವಿಮಾ ಮೊತ್ತದ ಮಟ್ಟಿಗೆ ಜೊತೆಗೇ ಬರುತ್ತವೆ. ಈ ಕಾಯುವಿಕೆಯ ಗರಿಷ್ಠ ಅವಧಿ 2024ರಿಂದ 36 ತಿಂಗಳು. ನವೀಕರಣದ ದಿನಕ್ಕೆ 45 ದಿನ ಮುಂಚೆಯೇ ಅರ್ಜಿ ಹಾಕುವುದು ಕ್ಷೇಮ. ಹೊಸ ಕಂಪನಿ ಬೇಡ ಎನ್ನಬಹುದು. ಆದ್ದರಿಂದ ಹೊಸದರಿಂದ ಒಪ್ಪಿಗೆ ಬರುವವರೆಗೆ ಹಳೆಯದನ್ನು ಕೈಬಿಡಬೇಡಿ.

ಆಫೀಸಿನ ಗ್ರೂಪ್ ಪಾಲಿಸಿಯಾದರೆ ಪಟ್ಟಿಯ ಜೊತೆ ಕಂಪನಿಯೇ ವರ್ಷಕ್ಕೊಮ್ಮೆ ಬದಲಾಗಬಹುದು. ಎಚ್.ಆರ್. ಕಳಿಸುವ ಆ ಉದ್ದನೆಯ ಮೇಲ್ ಓದಿ, ಅಪ್ಪ ಅಮ್ಮ ತೋರಿಸಿಕೊಳ್ಳುವ ಆಸ್ಪತ್ರೆ ಅದರಲ್ಲಿದೆಯೇ ನೋಡಿ.

ಸರ್ಕಾರಿ ಮಾದರಿಗಳಿಗೂ ಪಟ್ಟಿಯುಂಟು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಆದರೆ ತುರ್ತಲ್ಲದ ಎಷ್ಟೋ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿಯಿಲ್ಲದೆ ಹೋಗಿ ಕಾರ್ಡು ತೋರಿಸಿದರೆ ಕಾರ್ಡಿನಿಂದ ಗಾಳಿ ಬೀಸಿಕೊಳ್ಳಬಹುದು, ಅಷ್ಟೆ.

9. ದುರಸ್ತಿ ಕೇಂದ್ರ

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಐಆರ್‌ಡಿಎಐನ ಬಿಮಾ ಭರೋಸಾ ದೂರು ತಾಣದಲ್ಲೂ ದಾಖಲಿಸಬಹುದು, 155255ಕ್ಕೆ ಕರೆಯನ್ನೂ ಮಾಡಬಹುದು. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಿ. ಇಡೀ ಕರ್ನಾಟಕಕ್ಕೆ ಒಂದೇ ಕಚೇರಿ, ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿ. ಆರ್.ಟಿ. ನಗರದಿಂದ ಅಲ್ಲಿಗೆ ಹೋಗುವುದೇ ಒಂದು ಚಿಕಿತ್ಸೆ. ಆನ್‌ಲೈನಿನಲ್ಲೇ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಆದೇಶ ಬಂದ 30 ದಿನದೊಳಗೆ ಕಂಪನಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿ ದೂರುದಾರರಿಗೆ ಸಲ್ಲಬೇಕು. ಮೇಲ್‌ಗಳನ್ನು ಉಳಿಸಿಕೊಂಡ ಚಾಲಕರಿಗೆ ಇಲ್ಲಿ ಬೆಲೆ.

10. ವಾರ್ಷಿಕ ನಿರ್ವಹಣೆ

ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಲ್ಯಾಪ್‌ಟಾಪುಗಳನ್ನು ಒರೆಸಿ ಸಾಲಾಗಿ ಇಡುವಾಗ ಪಾಲಿಸಿ ಫೈಲನ್ನೂ ಹೊರಗೆ ತೆಗೆಯಿರಿ. ಕುಂಕುಮ ಹಚ್ಚಬೇಡಿ, ನಂಬರ್ ಮುಚ್ಚಿಹೋಗುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ ಮನೆಗೆ ಹತ್ತಿರದ ಮೂರು ಆಸ್ಪತ್ರೆಗಳ ಹೆಸರು ಹಾಕಿ ನೋಡಿ. ಇದ್ದವನ್ನು, ಇಲ್ಲದವನ್ನು, ಹೊರಗಿಟ್ಟವನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಕೆಳಗೆ ಪಾಲಿಸಿ ನಂಬರ್, ಚಾಲಕರ ಹೆಸರು. ಆಮೇಲೆ ಸ್ಕೂಟರಿನ ಚಕ್ರದಡಿಗೆ ನಿಂಬೆಹಣ್ಣು ಇಡಿ. ಮುಂದಿನ ಪೂಜೆಯೊಳಗೆ ಪಟ್ಟಿ ಬದಲಾಗದಂತೆ ಕಾಯುವ ಶಕ್ತಿ ಆ ನಿಂಬೆಹಣ್ಣಿಗಿಲ್ಲ, ಆದ್ದರಿಂದ ಆಸ್ಪತ್ರೆಗೆ ದಿನ ಗೊತ್ತಾದರೆ ಇನ್ನೊಮ್ಮೆ ನೋಡಿ.