ಬಿಸಿಲು ಏರೂದ್ರೊಳಗ

ಯಕ್ಕಾ, ನೋಡು, ಬೇಲಿ ಮುಳ್ಳು ಸೀರಿಗೆ ಹತ್ತೈತಿ. ಈ ಕಡೆ ಬೇವಿನ ನೆರಳಿಗೆ ಸರದು ನಿಂದ್ರು. ನಿನ್ನ ತಂಗಿ ಮಗಳ ಸುದ್ದಿ ನಿನ್ನೆ ಸಂಜಿಮುಂದ ಕೇಳಿದ್ನಿ. ಲಕ್ಷ್ಮೇಶ್ವರದಾಗ ಮನಿಮಂದಿ ಎಲ್ಲಾ ಕಣ್ಣೀರು ಹಾಕಾಕತ್ತಾರಂತ. ಹುಬ್ಬಳ್ಯಾಗ ಎಂಆರ್‌ಐ ಮಾಡಿಸಿದ್ರ ಎಂಎಸ್ ಐತಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದ್ರಂತ. ಹೆದರಬ್ಯಾಡ್ರಿ ಅಂತ ನಾ ಹೇಳೂದಿಲ್ಲ, ಹೆದರಿಕಿ ಬಂದ ಬರತೈತಿ. ಆದ್ರ ನಾ ಇದರ ಕೂಡನ ಇಷ್ಟು ವರ್ಷ ಬಾಳೇವು ಮಾಡಾಕತ್ತೀನಿ, ನೀ ದಿನಾ ನೋಡ್ತಿ. ಅದಕ್ಕ ಗೊತ್ತಿದ್ದದ್ದು ಹೇಳ್ತೀನಿ, ನಿನ್ನ ತಂಗಿಗೆ ಮುಟ್ಟಿಸು.

ಮೊದಲನೇ ಮಾತು, ಇದು ಅಂಟಿಕೊಳ್ಳೂ ಜಡ್ಡಲ್ಲ. ಆ ಹುಡುಗಿ ತಾಟು, ಹಾಸಿಗಿ ಬ್ಯಾರೆ ಮಾಡಬ್ಯಾಡಂತ ಹೇಳು. ಯಾರ ಪಾಪದ್ದೂ ಅಲ್ಲ. ಜಡ್ಡು ಬರದಂಗ ಕಾಯಬೇಕಾದ ನಮ್ಮ ಮೈಯಾಗಿನ ಶಕ್ತಿನ ದಾರಿ ತಪ್ಪಿ, ಮಿದುಳು, ಬೆನ್ನುಹುರಿಯೊಳಗಿನ ನರದ ಮ್ಯಾಲಿನ ಹೊದಿಕಿ ಹಾಳು ಮಾಡತೈತಿ. ಮಯಲಿನ್ ಅಂತಾರ ಆ ಹೊದಿಕಿಗೆ. ಹಮ್ಮಿಗಿ ಬ್ಯಾರೇಜಿನಿಂದ ಎತ್ತಿದ ನೀರು ಕಾಲುವ್ಯಾಗ ಬರೂಮುಂದ, ಲೈನಿಂಗ್ ಕಿತ್ತಲ್ಲೆಲ್ಲಾ ಸೋರಿ, ಕಡೀ ಹೊಲಕ್ಕ ತಡಾ ಆಗಿ ಮುಟ್ಟತೈತಲ್ಲ, ಒಂದೊಂದು ಸಲ ಮುಟ್ಟೂದ ಇಲ್ಲಲ್ಲ, ನರದಾಗಿನ ಸುದ್ದಿನೂ ಹಂಗ. ಕಿತ್ತದ್ದು ಎಲ್ಲೈತಿ ಅನ್ನೂದ್ರ ಮ್ಯಾಲ ತ್ರಾಸು. ಒಬ್ಬಾಕಿಗೆ ಕಣ್ಣು ಮಸುಕು, ಇನ್ನೊಬ್ಬಾಕಿಗೆ ಕಾಲು ಜೋಮು, ಮತ್ತೊಬ್ಬಾಕಿಗೆ ಜೋಲಿ ಹೊಡೀತೈತಿ. ಅದಕ್ಕ ನನ್ನ ನೋಡಿ ಆ ಹುಡುಗಿದೂ ಹಿಂಗ ಆಕ್ಕೈತಿ ಅಂತ ಲೆಕ್ಕಾ ಹಾಕಬ್ಯಾಡ.

ಹೆಚ್ಚಾಗಿ 20ರಿಂದ 40ರ ವಯಸ್ಸಿನೊಳಗ ಶುರುವಾಗತೈತಿ, ಗಂಡಸರಿಗಿಂತ ಹೆಣ್ಣುಮಕ್ಕಳಿಗೆ ಜಾಸ್ತಿ. ನಮ್ಮ ನಾಡಿನಾಗ ಮಂದಿ ಕಡಿಮಿ. ಮಂಗಳೂರಾಗ ಡಾಕ್ಟರ್ ಲೇಖಾ ಪಂಡಿತ್ ಅವರು ಎಣಿಸಿ ನೋಡಿದಾಗ ಲಕ್ಷಕ್ಕ ಸುಮಾರು ಎಂಟು ಮಂದಿ ಸಿಕ್ಕಿದ್ರು. ಅಷ್ಟು ಕಡಿಮಿ ಇರೂದಕ್ಕ ಹಳ್ಯಾಗ ಯಾರಿಗೂ ಹೆಸರು ಗೊತ್ತಿಲ್ಲ. ಕಾಲು ಸೋತ್ರ ಲಕ್ವಾ ಅಂತಾರ, ಕಣ್ಣು ಮಸುಕಾದ್ರ ಚಾಳೀಸು ಹಾಕ್ಕೋ ಅಂತಾರ.

ನೀ ಈಗ ಅಂದೆಲ್ಲ, ಎಣ್ಣಿ ತಿಕ್ಕಿ, ಹಂಡೆ ತುಂಬ ಕಾಸಿದ ನೀರು ಹೊಯ್ದ್ರ ನರ ಬಿಡತಾವು ಅಂತ. ಅದನ್ನೊಂದು ಮಾಡಸಬ್ಯಾಡ ನೋಡು. ನಮಗ ಶಾಖನ ವೈರಿ. ಹೊದಿಕಿ ಹೋದ ನರಕ್ಕ ಮೈಶಾಖ ಅರ್ಧ ಡಿಗ್ರಿ ಏರಿದ್ರೂ ಸಾಕು, ಸುದ್ದಿ ಅಲ್ಲೇ ನಿಂತ ಬಿಡತೈತಿ. ಜರ್ಮನಿಯ ಕಣ್ಣಿನ ಡಾಕ್ಟರ್ ಒಬ್ಬರು, ಊಥಾಫ್ ಅಂತ ಹೆಸರು, 1890ರಾಗ ಇದನ್ನ ಬರದಿಟ್ಟಾರ. ಮೈ ದಣದು ಕಾವೇರಿದ್ರ ರೋಗಿ ಕಣ್ಣು ಮಬ್ಬಾಗತಿತ್ತು, ಆರಿದ ಮ್ಯಾಲ ತಿಳಿ ಆಗತಿತ್ತು. ಎಂಆರ್‌ಐ ಇಲ್ಲದ ಕಾಲಕ್ಕ, ಇದು ಎಂಎಸ್ ಹೌದೋ ಅಲ್ಲೋ ನೋಡಾಕ ರೋಗಿನ್ನ ಬಿಸಿನೀರಿನ ತೊಟ್ಟಿಯೊಳಗ ಕುಂದರಸತಿದ್ರಂತ! ಕೈಕಾಲು ಸೋತ್ರ ಹೌದು ಅಂತ ಲೆಕ್ಕ. ಈಗ ಹಂಗ ಮಾಡೂದಿಲ್ಲ, ಆದ್ರ ನಮ್ಮ ಮನಿ ಬಚ್ಚಲದಾಗ ದೀಪಾವಳಿಗೆ ಅದ ನಡೀತೈತಿ. ಆ ಹುಡುಗಿಗೆ ಉಗುರು ಬೆಚ್ಚಗಿನ ನೀರು ಕೊಡ್ರಿ. ಬಚ್ಚಲದಾಗ ಕುಂದರಾಕ ಒಂದು ಸ್ಟೂಲ್ ಇಡ್ರಿ, ಹಿಡಕೊಳ್ಳಾಕ ಗ್ವಾಡಿಗೆ ಒಂದು ಕಬ್ಬಿಣದ ಸರಳು ಹಾಕಸ್ರಿ. ನೀರಿನ ಕಾವು ಬೆರಳಿಲೆ ನೋಡಬ್ಯಾಡ, ಮೊಳಕೈಲೆ ನೋಡು ಅನ್ರಿ. ಬೆರಳು ಜೋಮಿದ್ರ ಸುಟ್ಟದ್ದ ಗೊತ್ತಾಗೂದಿಲ್ಲ.

ಶಾಖಕ್ಕ ಆದ ನಿತ್ರಾಣ ಮೈ ತಂಪಾದ್ರ ಇಳೀತೈತಿ. ಅದರಿಂದ ಹೊಸಾ ನರ ಕೆಡೂದಿಲ್ಲ, ಇದನ್ನ ಮನಿಮಂದಿಗೆ ಬಿಡಿಸಿ ಹೇಳಬೇಕು. ನನಗೂ ಏಪ್ರಿಲ್ ಮಧ್ಯಾಹ್ನ ಅಂಗಳ ದಾಟೂದ್ರೊಳಗ ಎಡಗಾಲು ಎಳೀತೈತಿ. ಒಳಗ ಬಂದು, ಹರವಿ ನೀರಾಗ ಟಾವೆಲ್ ಅದ್ದಿ ಕುತ್ತಿಗಿಗೆ ಸುತ್ತಿಕೊಂಡು, ಫ್ಯಾನಿನ ಕೆಳಗ ತಂಪು ಮಜ್ಜಿಗಿ ಕುಡದು ಕುಂತ್ರ ಕಾಲು ತಿರುಗಿ ನನ್ನದಾಗತೈತಿ.

ಇನ್ನ ರೊಟ್ಟಿ. ನಮ್ಮ ಕಡೆ ಸೊಸಿ ಅಂದ್ರ ರೊಟ್ಟಿ, ರೊಟ್ಟಿ ಅಂದ್ರ ಒಲಿ. ಮುಂದ ಹಂಚಿನ ಝಳ, ಎರಡೂ ಕೈಲೆ ಬಡಿಯೂ ದಣಿವು, ಮ್ಯಾಲ ತಗಡಿನ ಮಾಡು. ಎಂಎಸ್ ಇದ್ದಾಕಿಗೆ ಇದಕ್ಕಿಂತ ಕಠಿಣ ಕೆಲಸ ಮನ್ಯಾಗ ಇನ್ನೊಂದಿಲ್ಲ. ಹಿಟ್ಟು ನಾದೂಮಟ ಎಲ್ಲಾ ಸರಿ ಇರತೈತಿ. ಬಡದು, ಎತ್ತಿ ಹಂಚಿಗೆ ಹಾಕಿ, ಮ್ಯಾಲ ನೀರು ಹಚ್ಚೂಮುಂದ ಬೆರಳಿಗೆ ಹಂಚು ತಾಗಿದ್ದು ತಿಳಿಯೂದಿಲ್ಲ. ಆಮ್ಯಾಲ ನೋಡಿದ್ರ ತುದಿ ಬೊಬ್ಬಿ ಎದ್ದಿರತೈತಿ. ಅರ್ಧ ಬುಟ್ಟಿ ಆಗೂದ್ರಾಗ ಕಣ್ಣ ಮುಂದ ಮಂಜು. ನಾ ಈಗ ಕಟ್ಟಿ ಮ್ಯಾಲಿನ ಗ್ಯಾಸಿಗೆ ಎತ್ತರದ ಸ್ಟೂಲ್ ಹಾಕ್ಕೊಂಡು, ಕಿಡಕಿ ತಗದು, ಬೆಳಕು ಹರಿಯೂದ್ರೊಳಗ ನಾಕು ಬಡದು ಎದ್ದ ಬಿಡ್ತೀನಿ. ಉಳದದ್ದಕ್ಕ ಖಡಕ್ ರೊಟ್ಟಿ. ನಮ್ಮ ಹಿರ್ಯಾರು ನಮಗಂತನ ಮಾಡಿಟ್ಟಂಗೈತಿ ಅದು! ಚಳಿಗಾಲದಾಗ ಎಲ್ಲಾರೂ ಕೂಡಿ ಮಾಡಿಟ್ರ ದಿನಗಟ್ಟಲೆ ಇರತಾವು. ಆಗದಿದ್ರ ಮಾಡಿ ಮಾರೂ ಹೆಣ್ಣುಮಕ್ಕಳು ಅದಾರ, ಕೊಂಡ್ರ ಮನಿ ಮಾನ ಹೋಗೂದಿಲ್ಲ. ಇದನ್ನ ಆ ಹುಡುಗಿ ಅತ್ತಿಗೆ ನೀನ ಹೇಳು ಯಕ್ಕಾ, ನಿನ್ನ ಮಾತು ಕೇಳ್ತಾರ.

ದಣಿವಿನ ಮಾತಂತೂ ಗಟ್ಟಿಯಾಗಿ ಹೇಳು. ಜ್ವರ ಥರ್ಮಾಮೀಟರ್‌ನಾಗ ಕಾಣತೈತಿ, ಗಾಯ ಕಣ್ಣಿಗೆ ಕಾಣತೈತಿ. ಈ ದಣಿವು ಎದರಾಗೂ ಕಾಣೂದಿಲ್ಲ. ಮುಂಜಾನೆ ನಗತಾ ಅಂಗಳಕ್ಕ ರಂಗೋಲಿ ಹಾಕಿದಾಕಿ ಹನ್ನೊಂದಕ್ಕ ಒರಗಿ ಮಲಗಿದ್ರ ಮಂದಿ ಏನಂತಾರ? ಸೋಗು ಅಂತಾರ. ಹೊಲದಾಗ ದಿನಾ ದುಡದು ಬಂದ ದಣಿವು ನಿದ್ದಿ ಮಾಡಿದ್ರ ಹೋಗತೈತಿ. ಇದು ಎದ್ದ ಕೂಡಲೆ ಮೈಮ್ಯಾಲ ಕುಂತಿರತೈತಿ. ನಾಲಿಗಿ ತೊದಲತೈತಿ, ಹೇಳಬೇಕಂದ ಮಾತು ಬಾಯಿಗೆ ಬರೂದಿಲ್ಲ. ಮಲಕೋ ಅಂತ ಯಾರರ ಒಬ್ಬರು ಮನಸಿನಿಂದ ಅಂದ್ರ ಅರ್ಧ ಭಾರ ಇಳೀತೈತಿ. ಯಾಕಂದ್ರ ಜಡ್ಡಿಗಿಂತ ಹೆಚ್ಚು, ಜಡ್ಡು ಖರೇ ಐತಿ ಅಂತ ದಿನಾ ಸಾಬೀತು ಮಾಡೂದ್ರಾಗ ಜೀವ ಸೋಲತೈತಿ. ಆಕಿ ಕೆಲಸ ಮುಂಜಾನಿಗೆ ಇಟ್ಟು, ನಡುನಡುವ ಕುಂದರಾಕ ಬಿಟ್ಟು, ಮಧ್ಯಾಹ್ನ ಮಲಗಾಕ ಬಿಡ್ರಿ. ಮನಸ್ಸು ಕುಗ್ಗಿ ಯಾರ ಕೂಡನೂ ಮಾತು ಬ್ಯಾಡ ಅನಿಸಾಕತ್ರ ಅದನ್ನೂ ಡಾಕ್ಟರ ಮುಂದ ಹೇಳ್ರಿ, ಅದೂ ಈ ಜಡ್ಡಿನೊಳಗಿಂದ.

ಇನ್ನೊಂದು, ಗಂಡಸರ ಮುಂದ ಆಡೂ ಮಾತಲ್ಲ ಅಂತ ಯಾರೂ ಹೇಳಿಕೊಡೂದಿಲ್ಲ. ಒಂದಕ್ಕ ಬಂದ್ರ ತಡಕೊಳ್ಳಾಕ ಆಗೂದಿಲ್ಲ. ಮುಂಡರಗಿಯಿಂದ ಹುಬ್ಬಳ್ಳಿ ಬಸ್ ಹತ್ತಬೇಕಂದ್ರ ಹಿಂದಿನ ರಾತ್ರಿಯಿಂದ ಹನಿ ನೀರು ಕುಡಿಯೂದಿಲ್ಲ ಹೆಣ್ಣುಮಕ್ಕಳು. ಹಂಗ ಮಾಡಿದ್ರ ಮೂತ್ರದಾಗ ಸೋಂಕಾಗಿ ಜ್ವರ ಬರತೈತಿ, ಜ್ವರ ಬಂದ್ರ ಎಲ್ಲಾ ತ್ರಾಸೂ ಒಮ್ಮೆಲೆ ಎದ್ದು ಕುಂದರತಾವು. ಹಗಲೆಲ್ಲಾ ಸ್ವಲ್ಪ ಸ್ವಲ್ಪ ಕುಡದು, ಮಲಗೂ ಹೊತ್ತಿಗೆ ಕಡಿಮಿ ಮಾಡಿ, ಚಾ ಇಳಿಸಿ, ಬರಲಿ ಬಿಡಲಿ ಗಡಿಯಾರ ನೋಡಿ ಹೋಗಿ ಬರೂ ರೂಢಿ ಹಾಕ್ಕೊಂಡ್ರ ನಡೀತೈತಿ. ಪೂರಾ ಖಾಲಿ ಆಗಂಗಿಲ್ಲ ಅನಿಸಿದ್ರ ಡಾಕ್ಟರ್ ಸ್ಕ್ಯಾನ್ ಮಾಡಿ ನೋಡ್ತಾರ. ಅದಕ್ಕೂ ಗುಳಿಗಿ ಅದಾವ, ನಾಚಿಕಿ ಬಿಟ್ಟು ಕೇಳಬೇಕು.

ಕಾಲು ಸೆಟದು ರಾತ್ರಿ ಎಳದ್ರ ಮೀನಖಂಡ ಮೆಲ್ಲಕ ಹಿಗ್ಗಿಸೂ ವ್ಯಾಯಾಮ ಐತಿ. ಬ್ಯಾಕ್ಲೋಫೆನ್ ಗುಳಿಗಿ ಕೊಟ್ಟಿದ್ರ ಅದನ್ನ ತಮ್ಮ ಮನಸಿಗೆ ಬಂದಂಗ ಒಮ್ಮೆಲೆ ಬಿಡಬಾರದು, ಅಪಾಯ ಐತಿ. ಹೊಸಾ ತ್ರಾಸು ಬಂದು ದಿನಾ ಪೂರ್ತಿ, 24 ತಾಸು ಆದ್ರೂ ಇಳಿಯದಿದ್ರ, ಜ್ವರಾನೂ ಇಲ್ಲದಿದ್ರ, ಅದು ಜಡ್ಡು ಮತ್ತ ಎದ್ದಿರಬಹುದು. ಆಗ ಮನಿ ಮದ್ದು ಮಾಡ್ಕೋತ ಕುಂದರದ ನರದ ಡಾಕ್ಟರ ಕಡೆ ಹೋಗಬೇಕು. ಸ್ಟಿರಾಯ್ಡ್ ಸಲೈನ್ ಮೂರರಿಂದ ಐದು ದಿನ ಹಾಕ್ತಾರ. ಜಡ್ಡು ಪೂರಾ ಹೋಗೂ ಔಷಧ ಇನ್ನೂ ಇಲ್ಲ. ಮ್ಯಾಲಿಂದ ಮ್ಯಾಲ ಏಳೂದನ್ನ ಕಡಿಮಿ ಮಾಡೂ ಔಷಧ ಅದಾವ, ಮೈ ಚಲೋ ಇದ್ದಾಗನೂ ಅವನ್ನ ತಪ್ಪಿಸಬಾರದು. ಬಸುರಿ ಆಗೂ ವಿಚಾರ ಇದ್ರ ಮೊದಲ ಡಾಕ್ಟರಿಗೆ ಹೇಳಬೇಕು, ಕೆಲವು ಗುಳಿಗಿ ಆಗ ನಡಿಯೂದಿಲ್ಲ. ಮಕ್ಕಳ ಆಗೂದಿಲ್ಲ ಅನ್ನೂದು ಮಾತ್ರ ಸುಳ್ಳು.

ಖರ್ಚಿನ ಮಾತು ಕೇಳ್ತಿ, ಗೊತ್ತೈತಿ. 2016ರ ಅಂಗವಿಕಲರ ಹಕ್ಕಿನ ಕಾಯ್ದೆದಾಗ 21 ನಮೂನಿ ಹೇಳ್ಯಾರ, ಅದರಾಗ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಹಿಡದ ಐತಿ. ಕೈಕಾಲು ನೆಟ್ಟಗದಾವಲ್ಲ ಅಂತ ಯಾರರ ವಾಪಸ್ ಕಳಿಸಿದ್ರ ಈ ಮಾತು ಹೇಳ್ಬೇಕು. ಯುಡಿಐಡಿ ಅಂತ ಅಂಗವಿಕಲರ ಗುರುತಿನ ಕಾರ್ಡು ಐತಿ, ಅದಕ್ಕ ಅರ್ಜಿ ಹಾಕಿ, ಡಾಕ್ಟರ್ ತಪಾಸಣಿ ಮಾಡಿ ಶೇಕಡಾ 40 ಅಥವಾ ಹೆಚ್ಚು ಬರದು ಕೊಟ್ರ ಸವಲತ್ತಿಗೆ ದಾರಿ ಆಗತೈತಿ. ಮತ್ತ ಈ ಜಡ್ಡಿನವರದ ಒಂದು ಸಂಘ ಐತಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ, 1985ರಾಗ ಮುಂಬೈದಾಗ ಕಟ್ಟಿದ್ದು. ಬೆಂಗಳೂರಾಗೂ ಶಾಖೆ ಐತಿ. ತನ್ನಂಗ ಇರೂ ಇನ್ನೊಬ್ಬರ ದನಿ ಕೇಳಿದ್ರ ಆ ಹುಡುಗಿಗೆ ಭಾಳ ಧೈರ್ಯ ಬರತೈತಿ.

ಬರೂ ಐತವಾರ ಕರಕೊಂಡು ಬಾ. ವೀರಭದ್ರ ದೇವರ ದರ್ಶನ ಮಾಡಿಸೂದಿದ್ರ ಮೊದಲನೇ ಬಸ್ಸಿಗೆ ಬರ್ರಿ, ಬಿಸಿಲು ಏರೂದ್ರೊಳಗ ಗುಡಿ ಮುಗಿಸಿ ನಮ್ಮ ಮನಿಗೆ ಬಂದ ಬಿಡ್ರಿ. ಎಂಆರ್‌ಐ ಫೈಲು, ಗುಳಿಗಿ ಚೀಟಿ ಎಲ್ಲಾ ತರಲಿ. ಮತ್ತ ಆಕಿ ಅತ್ತಿನ್ನೂ ಕರಿ ಯಕ್ಕಾ, ನಾ ಹೇಳೂದ್ರಾಗ ಅರ್ಧ ಅವರಿಗೇ ಹೇಳೂದೈತಿ.