ಲಿಮಿಟ್‌ಲಯ ಮೀಮಾಂಸೆ

ಪೀಠಿಕೆ

ಏರಿದ್ದು ಇಳಿಯುವ ವಿಷಯದಲ್ಲಿ ಚಾಮರಾಜನಗರ ಜಿಲ್ಲೆಯ ವಿದ್ವತ್ತು ಮೊದಲಿನಿಂದಲೂ ದಟ್ಟವಾದದ್ದು. ತೆರಕಣಾಂಬಿ ಮಾರುಕಟ್ಟೆಯಲ್ಲಿ ಟೊಮೆಟೊ ಇಳಿಯುವುದನ್ನೂ, ಊರಿಗೆ ಬಂದುಹೋದ ಮುಖ್ಯಮಂತ್ರಿ ಕುರ್ಚಿಯಿಂದ ಇಳಿಯುವುದನ್ನೂ ಇಲ್ಲಿನವರು ಅರ್ಧ ಟೀ ಮುಗಿಯುವುದರೊಳಗೆ ವಿವರಿಸಬಲ್ಲರು. ಕ್ರೆಡಿಟ್ ಕಾರ್ಡಿನ ಲಿಮಿಟ್ ಇಳಿಯುವುದೊಂದೇ ಶಾಸ್ತ್ರಕ್ಕೆ ಸಿಗದೆ ಉಳಿದಿತ್ತು. ಲೋಕಹಿತಾರ್ಥವಾಗಿ ಈ ಗ್ರಂಥ.

ಲಕ್ಷಣ

ಬಿಲ್ಲನ್ನು ಗಡುವಿನೊಳಗೇ ಕಟ್ಟಿದವನ ಲಿಮಿಟ್ಟು ರಾತ್ರೋರಾತ್ರಿ ಕುಗ್ಗಿದರೆ ಅದು ಲಿಮಿಟ್‌ಲಯ. ಕಟ್ಟದವನದು ಕುಗ್ಗಿದರೆ ಅದು ನ್ಯಾಯ. ಈ ಗ್ರಂಥದ ವ್ಯಾಪ್ತಿಗೆ ಬಾರದು.

ಪ್ರತ್ಯಕ್ಷ ಪ್ರಮಾಣ

ಗುಂಡ್ಲುಪೇಟೆಯ ಅಂಗಡಿಯೊಂದರಲ್ಲಿ ಮೇಷ್ಟ್ರೊಬ್ಬರು ಅರಿಶಿನದ ಹೊಲಕ್ಕೆ ಡ್ರಿಪ್ ಪೈಪು ಕೊಂಡರು. ಬಿಲ್ಲು 42,000 ರೂಪಾಯಿ. ಕಾರ್ಡಿನ ಲಿಮಿಟ್ 2 ಲಕ್ಷ, ಬಾಕಿ ಬರೀ 50,000. ಆದರೂ ಮೆಷಿನ್ನು ‘ಡಿಕ್ಲೈನ್ಡ್’ ಎಂಬ ಚೀಟಿಯನ್ನು ಉಗುಳಿತು. “ಟವರ್ ಸಿಕ್ತಾ ಇಲ್ಲ ಕನ ಸಾ, ವಸಿ ಈಚ್ಗ ಬನ್ನಿ” ಎಂದು ಅಂಗಡಿಯವನು ಮೆಷಿನ್ನನ್ನು ರಸ್ತೆಗೆ ತಂದು ಆಕಾಶಕ್ಕೆ ಎತ್ತಿ ಹಿಡಿದ. ಎರಡನೆಯ ಚೀಟಿಯೂ ಅದನ್ನೇ ನುಡಿಯಿತು. ಮೇಷ್ಟ್ರು ಫೋನು ಜಾಲಾಡಿದಾಗ ಚಿನ್ನದಂಗಡಿಯ ರಿಯಾಯಿತಿಗೂ ರೀಚಾರ್ಜ್ ಪ್ಲಾನಿಗೂ ನಡುವೆ ಒಂದು ಸಂದೇಶ ಅವಿತು ಕೂತಿತ್ತು: ತಮ್ಮ ಲಿಮಿಟ್ 80,000ಕ್ಕೆ ಪರಿಷ್ಕೃತವಾಗಿದೆ. “ಬುಡಿ ಸಾ, ಪುಸ್ತ್ಕದಲ್ಲಿ ಬರ್ಕತೀನಿ, ಸಂಬ್ಳ ಆದ್ಮೇಲ ಕೊಡಿ” ಎಂದನು ಅಂಗಡಿಯವನು.

ಪೂರ್ವಪಕ್ಷ

ಕಾರಣದ ಬಗೆಗೆ ಮೂರು ಮತಗಳಿವೆ.

ಮೊದಲನೆಯದು ಶಾಪವಾದ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆಯವರು ಅರಸು, ಗುಂಡೂರಾವ್, ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲರ ಪಟ್ಟಿ ಒಪ್ಪಿಸುತ್ತಾರೆ. 1997ರಲ್ಲಿ ಜೆ.ಎಚ್. ಪಟೇಲರು ಜಿಲ್ಲೆಯನ್ನು ಉದ್ಘಾಟಿಸಿದ್ದೂ ಊರಿನಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಕುರ್ಚಿಗೆ ತಟ್ಟಿದ್ದು ಕಾರ್ಡಿಗೆ ತಟ್ಟದೇ? ಖಂಡನೆ: ಸಿದ್ದರಾಮಯ್ಯನವರು 2013ರ ನಂತರ ಪದೇ ಪದೇ ಬಂದೂ ಐದು ವರ್ಷ ಪೂರೈಸಿದರು. ಅಲ್ಲದೆ ಶಾಪ ತಟ್ಟುವುದು ಬಂದುಹೋಗುವವರಿಗೆ. ಮೇಷ್ಟ್ರು ಹುಟ್ಟಿದ್ದೇ ಇಲ್ಲಿ.

ಎರಡನೆಯದು ಕರ್ಮವಾದ. ಸಾಲದ ಲೆಕ್ಕವಿಡುವ ಇವರ ಚಿತ್ರಗುಪ್ತನ ಹೆಸರು ಸಿಬಿಲ್. ಪಾಪಪುಣ್ಯಗಳ ಸ್ಕೋರು 300ರಿಂದ 900ರ ತನಕ. ಬೇರೆ ಸಾಲದ ಕಂತು ತಪ್ಪಿದ್ದು, ತಾವು ಜಾಮೀನು ನಿಂತ ಭಾಮೈದ ಕೈಕೊಟ್ಟದ್ದು ಎಲ್ಲವೂ ಅಲ್ಲಿ ದಾಖಲು. ಈ ಮತ ಬಹುಪಾಲು ಸತ್ಯ. ಆದರೆ ಮೇಷ್ಟ್ರ ದಾಖಲೆ ಚೊಕ್ಕವಾಗಿತ್ತು.

ಮೂರನೆಯದು ಲೀಲಾವಾದ: ತಪ್ಪು ಮೇಷ್ಟ್ರದಲ್ಲ, ಲೀಲೆ ಬ್ಯಾಂಕಿನದು. 2023ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳ ಕಾರ್ಡು ಬಾಕಿಯ ರಿಸ್ಕ್ ವೆಯ್ಟನ್ನು 125ರಿಂದ ಶೇ. 150ಕ್ಕೆ ಏರಿಸಿತು, ಅಷ್ಟೇ ಸಾಲಕ್ಕೆ ಹೆಚ್ಚು ಬಂಡವಾಳ ಎತ್ತಿಡಬೇಕಾಯಿತು. ಅಡಮಾನವಿಲ್ಲದ ಸಾಲ ಬ್ಯಾಂಕಿಗೆ ಭಾರವೆನಿಸಿದಾಗ ಬಳಸಿದವನನ್ನು ‘ಅಪಾಯ’ವೆಂದೂ, ಬಳಸದವನನ್ನು ‘ನಿಷ್ಕ್ರಿಯ’ನೆಂದೂ ಕತ್ತರಿಸಲು ಅಡ್ಡಿಯಿಲ್ಲ.

ಸಿದ್ಧಾಂತ

ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ ಲಿಮಿಟ್ ಏರಿಸಲು ಗ್ರಾಹಕನ ಸ್ಪಷ್ಟ ಒಪ್ಪಿಗೆ ಬೇಕು. ಇಳಿಸಲು ತಿಳಿಸಿದರೆ ಸಾಕು. ಅಂದರೆ ಕೊಡುವಾಗ ಕೈಮುಗಿದು ಕೇಳಬೇಕು, ಕಿತ್ತುಕೊಳ್ಳುವಾಗ ಮೆಸೇಜು ಹಾಕಿದರಾಯಿತು. ಅಂಗಡಿಯ ಪುಸ್ತಕದಲ್ಲೂ ಲಿಮಿಟ್ ಇಳಿಯುವುದುಂಟು. ಆದರೆ ಅಲ್ಲಿ ಮುಖ ನೋಡಿಯೇ “ಹಳೇದು ತೀರ್ಸಿ” ಎನ್ನುತ್ತಾರೆ. ಕಾರಣ ತಿಳಿಯುತ್ತದೆ, ಜಗಳವಾಡಲು ಮನುಷ್ಯ ಸಿಗುತ್ತಾನೆ.

ಗಣಿತಾಧ್ಯಾಯ

ಎರಡು ಲಕ್ಷದಲ್ಲಿ 50,000 ಎಂದರೆ ಶೇ. 25ರ ಬಳಕೆ. ಎಂಬತ್ತು ಸಾವಿರದಲ್ಲಿ ಅದೇ 50,000 ಶೇ. 62.5. ಮೂವತ್ತರೊಳಗಿದ್ದರೆ ಕ್ಷೇಮ ಎಂಬುದು ಬಲ್ಲವರ ಬಾಯಿಮಾತು. ಹೀಗೆ ಮೇಷ್ಟ್ರು ಒಂದು ಕಡಲೆಕಾಯಿಯನ್ನೂ ಕೊಳ್ಳದೆ ದುಂದುಗಾರರಾದರು. ಇದರಿಂದ ಸ್ಕೋರು ಕುಸಿಯಬಹುದು. ಸ್ಕೋರು ಕುಸಿದದ್ದನ್ನು ಕಂಡು ಮತ್ತೊಂದು ಬ್ಯಾಂಕು ತನ್ನ ಕತ್ತರಿ ಮಸೆಯಬಹುದು.

ಚಿಕಿತ್ಸಾಧ್ಯಾಯ

ಒಂದು: ಸ್ಟೇಟ್‌ಮೆಂಟ್ ತಯಾರಾಗುವ ಮೊದಲೇ ಬಾಕಿ ಇಳಿಸುವುದು, ವರದಿಗೆ ಹೋಗುವ ಬಳಕೆ ಕಡಿಮೆ ಕಾಣಬಹುದು.

ಎರಡು: ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿ ತೆಗೆದು ನೋಡುವುದು. ತಪ್ಪಿದ್ದರೆ ದೂರು ಕೊಡುವುದು. 30 ದಿನದಲ್ಲಿ ಪರಿಹಾರವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರಧನ ಕೇಳುವ ಹಕ್ಕಿದೆ.

ಮೂರು: ಬ್ಯಾಂಕಿಗೆ ಕಾರಣ ಕೇಳಿ ಬರೆಯುವುದು. ತಿಳಿಸದೆಯೇ ಕತ್ತರಿಸಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲುತ್ತದೆ. ‘ಯಾಕೆ ಕತ್ತರಿಸಿದಿರಿ’ ಎಂಬುದು ಮಾತ್ರ ಅಲ್ಲಿ ನಿಲ್ಲುವುದು ಕಷ್ಟ. ಓಂಬುಡ್ಸ್‌ಮನ್ ಯೋಜನೆ ಬ್ಯಾಂಕಿನ ವ್ಯಾಪಾರಿ ನಿರ್ಧಾರಗಳನ್ನು ಹೊರಗಿಟ್ಟಿದೆ.

ನಾಲ್ಕು: ಸಿಟ್ಟಿನಲ್ಲಿ ಕಾರ್ಡು ಮುರಿಯದಿರುವುದು. ಖಾತೆ ಮುಚ್ಚಿದರೆ ಒಟ್ಟು ಲಿಮಿಟ್ ಇನ್ನೂ ಕುಗ್ಗಿ, ಬ್ಯಾಂಕು ಅರ್ಧ ಮಾಡಿದ ಕೆಲಸವನ್ನು ನಾವೇ ಪೂರೈಸಿಕೊಟ್ಟಂತಾಗುತ್ತದೆ.

ಐದು, ಪಥ್ಯ: ಲಿಮಿಟ್ಟನ್ನು ಕಷ್ಟಕಾಲದ ಉಳಿತಾಯವೆಂದು ನಂಬದಿರುವುದು. ಅದು ಬ್ಯಾಂಕಿನ ಹಣ. ನಮ್ಮದಾಗುವುದು ಸಾಲವಾದ ಮೇಲೆ.

ಫಲಶ್ರುತಿ

ಈ ಗ್ರಂಥವನ್ನು ಶ್ರದ್ಧೆಯಿಂದ ಓದಿದವರಿಗೆ ಕಳೆದ ಲಿಮಿಟ್ ಮರಳಿ ಬಾರದು. ಆದರೆ ಅದೇ ಬ್ಯಾಂಕಿನಿಂದ ಅಚ್ಚ ಕನ್ನಡದಲ್ಲಿ ಫೋನು ಬರುತ್ತದೆ: “ಸಾರ್, ನಿಮ್ಮ ಟ್ರ್ಯಾಕ್ ರೆಕಾರ್ಡ್ ತುಂಬಾ ಚೆನ್ನಾಗಿದೆ, ಐದು ಲಕ್ಷ ಪರ್ಸನಲ್ ಲೋನ್ ಕೊಡೋಣವಾ?”