ಯೂಫೋನಿಯಮ್ಮನ ಗೋತ್ರ

ನಮ್ಮ ಮನೆಯ ಚೊಂಬು, ಹರಿವಾಣ, ಕೊನೆಗೆ ಸೌಟಿನ ಹಿಡಿಯ ಮೇಲೂ ಕೊಟ್ಟವರ ಹೆಸರು ಚುಕ್ಕಿಚುಕ್ಕಿಯಾಗಿ ಕೊರೆದಿರುತ್ತದೆ. ಹಾಗಿರುವಾಗ ತೊಡೆ ತುಂಬ ಕೂರುವ ಹಿತ್ತಾಳೆಯ ಊದುವಾದ್ಯ ಯೂಫೋನಿಯಂ ಮೇಲೆ ಒಂದಕ್ಷರವೂ ಇಲ್ಲವೆಂದರೆ ಹೇಗೆ? ಗುಜರಿಯವನು "ಅರಮನೆ ಬ್ಯಾಂಡಿಂದು ಸಾ" ಎಂದ. ಮೈಸೂರಿನಲ್ಲಿ ಮುರಿದ ಕುರ್ಚಿಯೂ ಅರಮನೆಯದೇ. ನಾನು ನಂಬಲಿಲ್ಲ, ಕೇಳಿದಷ್ಟು ಕೊಟ್ಟೆ ಅಷ್ಟೆ.

ಭಾವಮೈದ ಸೋಫಾದಿಂದ ಏಳದೆಯೇ "ಜರ್ಮನ್ ಮಾಲು" ಎಂದುಬಿಟ್ಟ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಜರ್ಮನಿಯ ಕಡೆ ಸ್ವರ ಬದಲಿಸಲು ಹೆಚ್ಚಾಗಿ ತಿರುಗುವ ವಾಲ್ವ್. ಇದಕ್ಕಿರುವುದು ಮೇಲೆ ಕೆಳಗೆ ಓಡುವ ಪಿಸ್ಟನ್, 1830ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಪೆರಿನೆ ರೂಪಿಸಿದ್ದು, ಇಂಗ್ಲಿಷರು ಅಪ್ಪಿಕೊಂಡಿದ್ದು. ಆದರೆ ಜರ್ಮನಿಯದೇ ಸ್ಯಾಕ್ಸನಿಯ ಮಾರ್ಕ್‌ನ್ಯೂಕಿರ್ಖೆನ್‌ನವರು ಹೊರದೇಶಕ್ಕೆ ಪಿಸ್ಟನ್ ವಾದ್ಯಗಳನ್ನೂ ಮಾಡುತ್ತಿದ್ದರು. ಅಂಗಡಿಯವರು ತಮ್ಮ ಹೆಸರು ಕೆತ್ತಿಸಿಕೊಳ್ಳಲಿ ಎಂದು ಮೈ ಖಾಲಿ ಬಿಡುತ್ತಿದ್ದುದೂ ಉಂಟು. ಇದನ್ನು ಅವನಿಗೆ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಇಂಗ್ಲಿಷ್ ತಯಾರಕರು ಕ್ರಮಸಂಖ್ಯೆಯನ್ನು ಸಾಮಾನ್ಯವಾಗಿ ನಡುವಿನ ವಾಲ್ವಿನ ಕೊಳವೆ ಮೇಲೆ ಒತ್ತುತ್ತಿದ್ದರು. ಸರಿ, ಹುಣಸೆಹಣ್ಣು ನೆನೆಹಾಕಿಕೊಂಡು ಹಿತ್ತಲಲ್ಲಿ ಕೂತೆ. "ದೇವರ ದೀಪಾನ ಒಂದಿನ ಹೀಗೆ ಬೆಳಗಿದ್ರೆ ಪುಣ್ಯನಾದ್ರೂ ಬರ್ತಿತ್ತು" ಎಂದಳು ಹೆಂಡತಿ. ಉಜ್ಜಿದೆ. ಕಪ್ಪು ಹೋಗಿ ಹಸಿರು ಬಂತು, ಹಸಿರು ಹೋಗಿ ಕೆಂಪು. ಕೆಂಪಿನಲ್ಲೊಂದು ಗೀರು. ಗೀರು ಬಾಗಿತು. ಬಾಗಿದ್ದಕ್ಕೊಂದು ಬಾಲ ಬಂತು. 2! ನನ್ನೆದೆ ಡವಡವ ಹೊಡೆದುಕೊಂಡಿತು. ಇದರ ಮುಂದೆ ಇನ್ನೂ ನಾಲ್ಕೈದು ಅಂಕಿ ಇರಲೇಬೇಕು. ಮಾಡಿದ್ದು ಲಂಡನ್ನಿನ ಬೆಸ್ಸನ್ನೋ, ಬೂಸಿಯೋ? ಯಾವ ಪಲ್ಟನ್ನಿನ ಜೊತೆ ಹಡಗು ಹತ್ತಿತು? ಊದುತ್ತಿದ್ದ ಸಾರ್ಜೆಂಟನಿಗೆ ನಮ್ಮ ಬಿಸಿಲು ಒಗ್ಗಿತೆ? ಅವನಿಗೊಂದು ಮೀಸೆಯನ್ನೂ ಕೊಟ್ಟು ಉಜ್ಜಿದ್ದೇ ಉಜ್ಜಿದ್ದು. ಮುಂದೆ ಏನೂ ಬರಲಿಲ್ಲ. ಅನುಮಾನ ಬಂದು ಪಕ್ಕದ ವಾಲ್ವ್ ಉಜ್ಜಿದೆ: 3. ಈ ಪಕ್ಕದ್ದು: 1.

"ಒಂದು ಎರಡು ಮೂರು ಎಣಿಸೋಕೆ ಅಷ್ಟೊಂದು ಹುಣಸೆಹಣ್ಣು ಬೇಕಿತ್ತಾ?"

ಕೊನೆಗೆ ಹಳೇ ಬ್ಯಾಂಡ್‌ಸೆಟ್ಟಿನ ಹಿರಿಯರೊಬ್ಬರನ್ನು ಮನೆಗೆ ಕರೆಸಿ ತೋರಿಸಿದೆ. ಬೆಸುಗೆ ಮೇಲೆ ಬೆರಳಾಡಿಸಿ "ಮೀರತ್ತು" ಎಂದರು. ಉತ್ತರ ಪ್ರದೇಶದ ಆ ಊರಿನ ಜಲಿ ಕೋಠಿಯಲ್ಲಿ 1885ರಲ್ಲಿ ಶುರುವಾದ, ಬ್ಯಾಂಡ್ ವಾದ್ಯ ಮಾಡುವ ನಾದಿರ್ ಅಲಿ ಕಂಪನಿಯಿದೆ. ಸುತ್ತಲ ಗಲ್ಲಿಗಳ ಸಣ್ಣ ಕಾರ್ಖಾನೆಗಳಲ್ಲಿ ಇಂಗ್ಲಿಷ್ ಮಾದರಿ ನೋಡಿ ಬಡಿದ ತುತ್ತೂರಿಗಳೇ ದೇಶದ ಮದುವೆಗಳಲ್ಲೆಲ್ಲ ಮೊಳಗುವುದು.

"ಹಾಗಾದರೆ ಬಡಿದವನ ಹೆಸರು?"

"ಊದೋರ ಹೆಸರೇ ಯಾರೂ ಕೇಳಲ್ಲ ಸ್ವಾಮಿ. ಹುಡುಗನಾಗಿದ್ದಾಗಿಂದ ಊದ್ತಿದೀನಿ. ಏಯ್ ಬ್ಯಾಂಡು, ಜೋರಾಗಿ ಅಂತಾರೆ. ಊಟಕ್ಕೆ ಕೊನೇ ಪಂಕ್ತಿ."

ನಾನು ಪೆಚ್ಚುನಗೆ ನಕ್ಕು, "ತಮ್ಮ ಹೆಸರು?" ಎಂದೆ. ಅವರು ಉತ್ತರ ಕೊಡದೆ ಪಿಸ್ಟನ್ ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಕೂರಿಸಿ ಒಂದು ಸಲ ಊದಿದರು. ಭಾವಮೈದ ಸೋಫಾದಿಂದ ಎದ್ದೇಬಿಟ್ಟ.

"ನಿಮ್ ಸಂಶೋಧನೆ ಮುಗಿದಿದ್ರೆ ಕೊಡಿ ಸ್ವಾಮಿ," ಎಂದರು, "ಶನಿವಾರ ಒಂದು ಮೆರವಣಿಗೆ ಇದೆ."